ಉಖಿಯಾದ ಫ್ರಿಜ್ ಮತ್ತು ಮೂರು ಚಿಕಿತ್ಸಾ ಕೇಂದ್ರಗಳು

2017ರ ಡಿಸೆಂಬರ್ 16, ಶನಿವಾರ. ಬಾಂಗ್ಲಾದೇಶದ ವಿಜಯ ದಿವಸ. ಕಾಕ್ಸ್ ಬಜಾರ್ ಊರಿನ ತುಂಬಾ ಕೆಂಪು-ಹಸಿರು ಬಾವುಟಗಳು, ರಜೆಗೆ ಸಮುದ್ರ ನೋಡಲು ಬಂದವರ ಗುಂಪುಗಳು. ಅಲ್ಲಿಂದ ದಕ್ಷಿಣಕ್ಕೆ ಹೋದರೆ ಉಖಿಯಾ, ಅದರಾಚೆ ಕುಟುಪಾಲೊಂಗ್ ಮತ್ತು ಬಾಲುಖಾಲಿಯ ರೋಹಿಂಗ್ಯಾ ಶಿಬಿರಗಳು. ಆ ವರ್ಷ ಆಗಸ್ಟ್ 25ರ ನಂತರ ಮ್ಯಾನ್ಮಾರ್‌ನ ರಖೈನ್‌ನಿಂದ ಓಡಿಬಂದವರು ಆರು ಲಕ್ಷಕ್ಕೂ ಜಾಸ್ತಿ. ಗುಡ್ಡದ ಮರಗಳನ್ನೆಲ್ಲ ಕಡಿದು, ಬಿದಿರು ನೆಟ್ಟು, ಟಾರ್ಪಾಲ್ ಹೊದಿಸಿ ಅಲ್ಲಿ ಬದುಕು ಕಟ್ಟಿಕೊಂಡಿದ್ದರು.

ನಾನು ಫಾರ್ಮಸಿಸ್ಟ್. ಒಂದು ನೆರವು ಸಂಸ್ಥೆಯಲ್ಲಿ ಔಷಧ ಸರಬರಾಜು ನೋಡಿಕೊಳ್ಳುತ್ತಿದ್ದೆ. ಆ ಬೆಳಿಗ್ಗೆ ಉಖಿಯಾದ ನಮ್ಮ ಪುಟ್ಟ ಸ್ಟೋರಿಗೆ ಮೂರು ಚಿಕಿತ್ಸಾ ಕೇಂದ್ರಗಳಿಂದ ಮೂವರು ಬಂದಿದ್ದರು. ಇಬ್ಬರು ಡಾಕ್ಟರು, ಒಬ್ಬರು ಹಿರಿಯ ನರ್ಸ್. ಮೂವರದ್ದೂ ಒಂದೇ ಬೇಡಿಕೆ. ಫ್ರಿಜ್‌ನಲ್ಲಿ ಇರುವುದನ್ನು ಸಮನಾಗಿ ಮೂರು ಪಾಲು ಮಾಡಿ ಕೊಟ್ಟುಬಿಡಿ.

ಫ್ರಿಜ್‌ನಲ್ಲಿ ಇದ್ದದ್ದು ಡಿಫ್ತೀರಿಯಾ ಆಂಟಿಟಾಕ್ಸಿನ್. 90 ವಯಲ್, ಅಂದರೆ ಪುಟ್ಟ ಔಷಧದ ಬಾಟಲಿಗಳು.

ಡಿಫ್ತೀರಿಯಾ ಅಂದರೆ ನಮ್ಮ ಕಡೆ ಗಂಟಲುಮಾರಿ ಅನ್ನುವ ಕಾಯಿಲೆ. ಉತ್ತರ ಕರ್ನಾಟಕದಲ್ಲಿ ಈಗಲೂ ಅಲ್ಲಲ್ಲಿ ಕಾಣಿಸಿಕೊಳ್ಳುತ್ತದೆ. ಆದರೆ ಶಿಬಿರಕ್ಕೆ ಬಂದಿದ್ದ ಹೊರದೇಶದ ಡಾಕ್ಟರುಗಳಲ್ಲಿ ಬಹಳಷ್ಟು ಜನ ಅದನ್ನು ಪುಸ್ತಕದಲ್ಲಿ ಮಾತ್ರ ನೋಡಿದ್ದರು. ರಖೈನ್‌ನಲ್ಲಿ ಈ ಮಕ್ಕಳಿಗೆ ಲಸಿಕೆ ಸರಿಯಾಗಿ ಸಿಕ್ಕಿರಲಿಲ್ಲ. ಒಂದೊಂದು ಗುಡಾರದಲ್ಲಿ ಇಡೀ ಮನೆಮಂದಿ ಒತ್ತೊತ್ತಾಗಿ ಮಲಗುತ್ತಿದ್ದರು. ಕೆಮ್ಮಿದರೆ ಹರಡುವ ಕಾಯಿಲೆಗೆ ಇನ್ನೇನು ಬೇಕು? ನವೆಂಬರ್‌ನಲ್ಲಿ ಮೊದಲ ಪ್ರಕರಣಗಳು ಕಾಣಿಸಿದವು. ಡಿಸೆಂಬರ್ ಎರಡನೇ ವಾರದ ಹೊತ್ತಿಗೆ ಶಂಕಿತರ ಸಂಖ್ಯೆ 800 ದಾಟಿತ್ತು.

ಗಂಟಲಲ್ಲಿ ಬೂದುಬಣ್ಣದ ಪೊರೆ ಕಟ್ಟುತ್ತದೆ, ಉಸಿರು ಸಿಕ್ಕಿಕೊಳ್ಳುತ್ತದೆ. ಅದಕ್ಕಿಂತ ಭಯಂಕರ ಎಂದರೆ ಬ್ಯಾಕ್ಟೀರಿಯಾ ಬಿಡುವ ವಿಷ. ಅದು ರಕ್ತದಲ್ಲಿ ಹರಿದು ಹೃದಯಕ್ಕೂ ನರಗಳಿಗೂ ಹೋಗಿ ಕೂರುತ್ತದೆ. ಆಂಟಿಬಯೋಟಿಕ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಆಗಲೇ ಬಿಟ್ಟ ವಿಷವನ್ನು ಏನೂ ಮಾಡಲಾರದು. ಅದಕ್ಕೆ ಆಂಟಿಟಾಕ್ಸಿನ್ನೇ ಬೇಕು. ಅದೂ ರಕ್ತದಲ್ಲಿ ಇನ್ನೂ ಓಡಾಡುತ್ತಿರುವ ವಿಷವನ್ನಷ್ಟೇ ಹಿಡಿಯಬಲ್ಲದು. ಹೃದಯಕ್ಕೆ ಅಂಟಿಕೊಂಡದ್ದನ್ನು ಬಿಡಿಸಲಾರದು. ಹಾಗಾಗಿ ಇಲ್ಲಿ ಒಂದೊಂದು ಗಂಟೆಗೂ ಬೆಲೆ ಇದೆ.

ಈ ಔಷಧ ತಯಾರಾಗುವುದು ಕುದುರೆಯ ರಕ್ತದಿಂದ. ಕುದುರೆಗೆ ಆ ವಿಷದ ಬಲ ಕುಗ್ಗಿಸಿದ ರೂಪವನ್ನು ಸ್ವಲ್ಪ ಸ್ವಲ್ಪವೇ ಚುಚ್ಚಿ, ಅದರ ಮೈಯಲ್ಲಿ ಪ್ರತಿವಿಷ ಹುಟ್ಟುವವರೆಗೆ ಕಾದು, ರಕ್ತ ತೆಗೆದು, ಶುದ್ಧ ಮಾಡಬೇಕು. ತಿಂಗಳುಗಳೇ ಹಿಡಿಯುತ್ತವೆ. ನಾಳೆ ಬೇಕು ಎಂದರೆ ನಾಳೆ ಮಾಡಿಕೊಡಲು ಯಾರಿಂದಲೂ ಆಗದು. 1901ರಲ್ಲಿ ವೈದ್ಯಕೀಯದ ಮೊಟ್ಟಮೊದಲ ನೊಬೆಲ್ ಎಮಿಲ್ ವಾನ್ ಬೆರಿಂಗ್ ಅವರಿಗೆ ಬಂದದ್ದು ಇದೇ ಸೀರಮ್ ಚಿಕಿತ್ಸೆಗೆ. ನೂರು ವರ್ಷ ಕಳೆದ ಮೇಲೆ ಅದನ್ನು ತಯಾರಿಸುವವರು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು ಉಳಿದಿದ್ದಾರೆ. ಅವರಲ್ಲಿ ಕೆಲವರು ನಮ್ಮ ಭಾರತದವರು. ಲಸಿಕೆ ಬಂದ ಮೇಲೆ ಶ್ರೀಮಂತ ದೇಶಗಳಲ್ಲಿ ಕಾಯಿಲೆ ಮಾಯವಾಯಿತು, ಜೊತೆಗೆ ಔಷಧ ಕೊಳ್ಳುವವರೂ ಮಾಯವಾದರು. 2015ರಲ್ಲಿ ಸ್ಪೇನ್‌ನ ಕ್ಯಾಟಲೋನಿಯಾದಲ್ಲಿ ಆರು ವರ್ಷದ ಒಬ್ಬ ಹುಡುಗನಿಗೆ ಡಿಫ್ತೀರಿಯಾ ಬಂದಾಗ ಆಂಟಿಟಾಕ್ಸಿನ್ ಅನ್ನು ರಷ್ಯಾದಿಂದ ತರಿಸಬೇಕಾಯಿತು. ಮಗು ಉಳಿಯಲಿಲ್ಲ. ಅಂಥ ದೇಶಕ್ಕೇ ಹಾಗಾದರೆ ಶಿಬಿರದ ಪಾಡು ಹೇಳಬೇಕಾ?

ಬಾಂಗ್ಲಾದೇಶಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಮೊದಲು ಹೊಂದಿಸಿದ್ದು ಸುಮಾರು 1000 ವಯಲ್. ಅದರಲ್ಲಿ ಒಂದಷ್ಟನ್ನು ಅವರ ಸಿಬ್ಬಂದಿ ದೆಹಲಿಯಿಂದ ಕೈಯಲ್ಲೇ ಹಿಡಿದು ತಂದಿದ್ದರು. ಒಂದು ವಯಲ್‌ನಲ್ಲಿ 10,000 ಯೂನಿಟ್. ಒಬ್ಬ ರೋಗಿಗೆ 20,000ದಿಂದ 1,00,000 ಯೂನಿಟ್ ಬೇಕು. ಅಂದರೆ ಎರಡರಿಂದ ಹತ್ತು ವಯಲ್. ಮಗು ಅಂತ ಕಮ್ಮಿ ಕೊಡುವ ಹಾಗಿಲ್ಲ, ಏಕೆಂದರೆ ಡೋಸ್ ನಿಲ್ಲುವುದು ವಿಷದ ಪ್ರಮಾಣದ ಮೇಲೆ, ಮೈತೂಕದ ಮೇಲೆ ಅಲ್ಲ. ಎಲ್ಲರೂ ತೀವ್ರ ರೋಗಿಗಳೇ ಆದರೆ 1000 ವಯಲ್ ನೂರು ಜನಕ್ಕೆ ಮುಗಿಯುತ್ತದೆ. ಅದಕ್ಕೇ ಕಾಯಿಲೆ ಹಗುರವಾಗಿದ್ದವರಿಗೆ ಆಂಟಿಬಯೋಟಿಕ್ ಮಾತ್ರ ಕೊಟ್ಟು, ಆಂಟಿಟಾಕ್ಸಿನ್ ಅನ್ನು ಜೋರಾಗಿದ್ದವರಿಗೆ ಉಳಿಸುತ್ತಿದ್ದರು. ಆ ತೀರ್ಮಾನ ಡಾಕ್ಟರದ್ದು. ವಯಲ್ ಯಾವ ರಾತ್ರಿ ಯಾವ ಫ್ರಿಜ್‌ನಲ್ಲಿ ಇರಬೇಕು ಎಂಬ ತೀರ್ಮಾನ ನನ್ನದು.

ಸಮಪಾಲು ಎಂದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ನನಗೂ ಸುಲಭ. ಮೂವತ್ತು, ಮೂವತ್ತು, ಮೂವತ್ತು, ಸಹಿ ಹಾಕಿಸಿಕೊಂಡರೆ ಮುಗಿಯಿತು. ಆದರೆ ಕಾಯಿಲೆ ಸಮಪಾಲಾಗಿ ಬರುವುದಿಲ್ಲ. ಒಂದು ಬ್ಲಾಕಿನಲ್ಲಿ ಒಂದೇ ಮಧ್ಯಾಹ್ನ ಐದು ಮಕ್ಕಳು ಬೀಳುತ್ತಾರೆ, ಪಕ್ಕದ ಗುಡ್ಡದಲ್ಲಿ ಮೂರು ದಿನ ಒಬ್ಬರೂ ಇರುವುದಿಲ್ಲ. ಆಗ ಒಂದು ಕಡೆ ವಯಲ್‌ಗಳು ಫ್ರಿಜ್‌ನಲ್ಲಿ ಸುಮ್ನೆ ಕೂತಿರುತ್ತವೆ, ಇನ್ನೊಂದು ಕಡೆ ಮಗು ಕಾಯುತ್ತಿರುತ್ತದೆ. ಒಮ್ಮೆ ಕೈಗೆ ಬಂದದ್ದನ್ನು ಯಾರೂ ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಅದು ಸ್ವಾರ್ಥದಿಂದ ಅಲ್ಲ. ನಾಳೆ ತಮ್ಮ ಬಾಗಿಲಿಗೇ ಒಂದು ಮಗು ಬಂದರೆ ಏನು ಗತಿ ಎಂಬ ಭಯ. ಆ ಭಯವನ್ನು ನಾನು ತುಂಬಾ ಗೌರವಿಸುತ್ತೇನೆ.

ನಾನು ಹೇಳಿದೆ, "ಪ್ರತಿ ಕೇಂದ್ರದಲ್ಲಿ ಹತ್ತು ಇರಲಿ. ಅತಿ ಜೋರಾದ ಒಬ್ಬ ರೋಗಿಗೆ ಅಷ್ಟು ಸಾಕು. ಉಳಿದ ಅರವತ್ತು ಇಲ್ಲೇ ಇರಲಿ. ಎಲ್ಲಿ ಖರ್ಚಾಗುತ್ತದೋ ಅಲ್ಲಿಗೆ ಅವತ್ತೇ ತುಂಬುತ್ತೇವೆ."

ಬಾಲುಖಾಲಿ ಕಡೆಯ ಡಾಕ್ಟರ್ ಢಾಕಾದವರು. ತೀರಾ ನೇರ ಮಾತಿನವರು. ನನ್ನನ್ನು ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದರು. "ಆಪಾ, ಸಂಜೆ ಐದರ ಮೇಲೆ ಶಿಬಿರದೊಳಗೆ ಹೊರಗಿನವರನ್ನು ಬಿಡುವುದಿಲ್ಲ. ರಾತ್ರಿ ಎರಡು ಗಂಟೆಗೆ ಬೇಕಾದರೆ ನಿಮ್ಮ ಅರವತ್ತು ವಯಲ್ ಇಟ್ಟುಕೊಂಡು ನಾನೇನು ಮಾಡಲಿ?"

ಅದು ನ್ಯಾಯವಾದ ಪ್ರಶ್ನೆ. ಅದಕ್ಕೆ ಬಾಯಿಮಾತಿನ ಸಮಾಧಾನ ಸಾಲದು. ವೈದ್ಯಕೀಯ ವಾಹನಕ್ಕೆ ರಾತ್ರಿ ಒಳಗೆ ಹೋಗುವ ಅನುಮತಿ ಪತ್ರ ನಮ್ಮಲ್ಲಿ ಇತ್ತು. ಅದರ ಪ್ರತಿಯನ್ನು ಮೂವರಿಗೂ ಕೊಟ್ಟೆ. ಫ್ರಿಜ್‌ನ ಕೀಲಿ ಇಟ್ಟುಕೊಂಡ ಹುಡುಗ ಸ್ಟೋರಿನಲ್ಲೇ ಮಲಗುವುದು, ಅವನ ಫೋನು ನಂಬರು ಮೂರೂ ಕೇಂದ್ರಗಳ ಗೋಡೆ ಮೇಲೆ ಅಂಟಿಸುವುದು, ಡ್ರೈವರ್ ಭಾಯ್ ಉಖಿಯಾದಲ್ಲೇ ಉಳಿಯುವುದು ಎಂದು ಮಾತಾಯಿತು. ಡಾಕ್ಟರು ಪೂರ್ತಿ ಒಪ್ಪಲಿಲ್ಲ. "ನೋಡೋಣ" ಎಂದು ಹೊರಟರು.

ಅವರು ಒಯ್ದದ್ದು ಬರೀ ವಯಲ್ ಅಲ್ಲ. ಇದನ್ನು ಹೇಳಲೇಬೇಕು, ಏಕೆಂದರೆ ಹೊರಗಿನವರಿಗೆ ಇದು ಗೊತ್ತಾಗುವುದಿಲ್ಲ. ಕುದುರೆಯ ಪ್ರೋಟೀನ್ ಕೆಲವರ ಮೈಗೆ ಆಗುವುದಿಲ್ಲ, ಕ್ಷಣದಲ್ಲಿ ಉಸಿರು ನಿಲ್ಲಿಸಬಹುದು. ಹಾಗಾಗಿ ಮೊದಲು ಚೂರು ಕೊಟ್ಟು ಪರೀಕ್ಷೆ ಮಾಡಬೇಕು. ಪಕ್ಕದಲ್ಲಿ ಅಡ್ರಿನಲಿನ್ ಸಿದ್ಧ ಇರಬೇಕು, ಆಕ್ಸಿಜನ್ ಇರಬೇಕು. ಆಮೇಲೆ ಸಲೈನ್‌ನಲ್ಲಿ ಬೆರೆಸಿ ಎರಡರಿಂದ ನಾಲ್ಕು ಗಂಟೆ ನಿಧಾನವಾಗಿ ಹನಿಸಬೇಕು. ಸಲೈನ್, ಐವಿ ಸೆಟ್, ರಕ್ತನಾಳಕ್ಕೆ ಚುಚ್ಚಿಡುವ ಮಕ್ಕಳ ಸಣ್ಣ ಕೊಳವೆ (ಕ್ಯಾನುಲಾ), ಸಿರಿಂಜ್, ಮಾಸ್ಕ್. ಇವುಗಳಲ್ಲಿ ಒಂದು ಇಲ್ಲದಿದ್ದರೂ ದೆಹಲಿಯಿಂದ ಹೊತ್ತು ತಂದ ವಯಲ್ ವ್ಯರ್ಥ. ಸಾಮಾನ್ಯವಾಗಿ ಚಿಕಿತ್ಸೆ ನಿಂತುಹೋಗುವುದು ಇಂಥ ಅಗ್ಗದ ವಸ್ತುವಿನಿಂದಲೇ. ಮೂವತ್ತು ರೂಪಾಯಿಯ ಕ್ಯಾನುಲಾ ಇಲ್ಲ ಎಂದು ದುಬಾರಿ ಔಷಧ ಕಾಯುತ್ತಾ ಕೂರುತ್ತದೆ. ಅದಕ್ಕೇ ಹತ್ತು ವಯಲ್‌ಗೆ ಬೇಕಾದ ಎಲ್ಲವನ್ನೂ ಒಂದೇ ಪೆಟ್ಟಿಗೆಗೆ ತುಂಬಿ, ಹೊರಗೆ ಪಟ್ಟಿ ಅಂಟಿಸಿ ಕೊಟ್ಟಿದ್ದೆವು.

ಮಧ್ಯಾಹ್ನ ಮೂರರ ಸುಮಾರಿಗೆ ಫೋನ್ ಬಂತು. ಬಾಲುಖಾಲಿಯ ಅದೇ ಡಾಕ್ಟರು. ಕುತ್ತಿಗೆ ಪೂರ್ತಿ ಊದಿದ ಒಬ್ಬಳು ಹುಡುಗಿ, ಕಾಯಿಲೆ ಶುರುವಾಗಿ ಐದನೇ ದಿನ. ಹತ್ತೂ ವಯಲ್ ಅವಳಿಗೇ ಕೊಡುತ್ತಿದ್ದೇನೆ ಎಂದರು. ನಾನು ಹತ್ತು ವಯಲ್ ತುಂಬಿಸಲು ಹೇಳಿದೆ. ಐಸ್‌ಪ್ಯಾಕ್ ಫ್ರೀಜರ್‌ನಿಂದ ತೆಗೆದ ಕೂಡಲೇ ಪೆಟ್ಟಿಗೆಗೆ ಹಾಕುವಂತಿಲ್ಲ. ಆಂಟಿಟಾಕ್ಸಿನ್ 2ರಿಂದ 8 ಡಿಗ್ರಿಯಲ್ಲೇ ಇರಬೇಕು. ಹೆಪ್ಪುಗಟ್ಟಿದರೆ ಅದು ಕೆಟ್ಟಂತೆ. ಐಸ್‌ಪ್ಯಾಕ್ ಅಲುಗಿಸಿದಾಗ ಒಳಗೆ ನೀರು ಕುಲುಕುವ ಸದ್ದು ಬರುವವರೆಗೆ ಹೊರಗಿಟ್ಟು ಕಾಯಬೇಕು. ಜನ ಅವಸರದಲ್ಲಿ ಬಿಡುವುದು ಈ ಹೆಜ್ಜೆಯನ್ನೇ. ನಮ್ಮ ಹುಡುಗ ಬಿಡಲಿಲ್ಲ. ಎಷ್ಟು ಅವಸರ ಮಾಡಿದರೂ "ಇನ್ನೂ ಸದ್ದಿಲ್ಲ ಆಪಾ" ಎನ್ನುತ್ತಿದ್ದ.

ಪೆಟ್ಟಿಗೆ ಜೀಪಿಗೆ ಏರುವ ಹೊತ್ತಿಗೆ ಮತ್ತೆ ಫೋನ್. ಇನ್ನೊಂದು ಮಗು. ಆರು ವರ್ಷದ ಹುಡುಗ, ಎರಡನೇ ದಿನ, ನಾಲ್ಕು ವಯಲ್ ಸಾಕು. ಆದರೆ ಈಗಲೇ ಬೇಕು.

ಉಖಿಯಾದಿಂದ ಬಾಲುಖಾಲಿ ಹೇಳಿಕೊಳ್ಳುವಷ್ಟು ದೂರ ಇಲ್ಲ. ಆದರೆ ಟೆಕ್ನಾಫ್ ಕಡೆಗಿನ ಆ ಇಕ್ಕಟ್ಟು ರಸ್ತೆ ಒಂದೇ. ಬಿದಿರು ಹೇರಿದ ಲಾರಿಗಳು, ಅಕ್ಕಿ ಲಾರಿಗಳು, ಟಮ್‌ಟಮ್‌ಗಳು, ರಸ್ತೆ ಪಕ್ಕ ಪರಿಹಾರ ಸಾಮಾನಿಗೆ ನಿಂತ ಸಾಲು. ಎಷ್ಟು ಹೊತ್ತಾಗುತ್ತದೋ ಯಾರಿಗೂ ಹೇಳಲಾಗದು. ಆಗ ಯಾವ ಕೇಂದ್ರದಲ್ಲಿ ಎಷ್ಟು ವಯಲ್ ಇದೆ ಎಂದು ಬರೆದಿಡುವ ಕಾರ್ಡ್ ನೋಡಿದೆ. ಗುಡ್ಡದ ಆಚೆ ಬದಿಯ ನಮ್ಮ ಇನ್ನೊಂದು ಕೇಂದ್ರದಲ್ಲಿ ಬೆಳಿಗ್ಗೆ ಒಯ್ದ ಹತ್ತೂ ಹಾಗೇ ಇದ್ದವು. ಅಲ್ಲಿಂದ ಬಾಲುಖಾಲಿ ಕೇಂದ್ರಕ್ಕೆ ಕಾಲುದಾರಿಯಲ್ಲಿ ಅರ್ಧ ಗಂಟೆಯೂ ಬೇಡ.

ಅಲ್ಲಿದ್ದವರು ಬೆಳಿಗ್ಗೆ ಬಂದಿದ್ದ ಹಿರಿಯ ನರ್ಸ್. ನಾಲ್ಕು ವಯಲ್ ಕಳಿಸಿ ಎಂದೆ. ಸ್ವಲ್ಪ ಹೊತ್ತು ಮಾತಿಲ್ಲ.

"ಆಪಾ, ಸಂಜೆ ನಮಗೇ ಬೇಕಾದರೆ?"

"ಜೀಪಿನಲ್ಲಿ ಹದಿನಾಲ್ಕು ಹಾಕಿಸುತ್ತಿದ್ದೇನೆ. ನಿಮ್ಮ ನಾಲ್ಕು ಇವತ್ತು ರಾತ್ರಿಯೇ ವಾಪಸ್ ಬರುತ್ತವೆ. ನಾನೇ ತರುತ್ತೇನೆ."

ಅವರು ಕಳಿಸಿದರು. ಒಬ್ಬ ರೋಹಿಂಗ್ಯಾ ಸ್ವಯಂಸೇವಕ ಲಸಿಕೆ ಡಬ್ಬಿ ಹೆಗಲಿಗೆ ಹಾಕಿಕೊಂಡು ಗುಡ್ಡ ಇಳಿದ. ನಾವಿನ್ನೂ ಬಿದಿರಿನ ಲಾರಿಯ ಹಿಂದೆ ನಿಂತಿದ್ದಾಗಲೇ ಡಬ್ಬಿ ಮುಟ್ಟಿದ ಸುದ್ದಿ ಬಂತು. ಜೀಪು ಚೆಕ್‌ಪೋಸ್ಟ್ ತಲುಪಿದಾಗ ಐದು ದಾಟಿತ್ತು. ಪತ್ರ ನೋಡಿ ಬಿಟ್ಟರು. ಬಾಲುಖಾಲಿಯಲ್ಲಿ ಹತ್ತು ಇಳಿಸಿ, ಡಾಕ್ಟರ ಸಹಿ ತೆಗೆದುಕೊಂಡು, ಉಳಿದ ನಾಲ್ಕನ್ನು ಹಿಡಿದು ಟಾರ್ಚ್ ಬೆಳಕಿನಲ್ಲಿ ಗುಡ್ಡದ ಆಚೆಗೆ ಹೋದೆವು. ಮೆಟ್ಟಿಲಿಗೆ ಮರಳು ಚೀಲ ಹಾಕಿದ್ದರು, ಕೆಲವು ಕುಸಿದಿದ್ದವು. ನರ್ಸ್ ಎಚ್ಚರವಾಗಿ ಕಾಯುತ್ತಿದ್ದರು. ಫ್ರಿಜ್ ತೆಗೆದು, ನಾಲ್ಕು ಒಳಗಿಟ್ಟು, ಕಾರ್ಡ್‌ನಲ್ಲಿ ಮತ್ತೆ "10" ಎಂದು ಬರೆದರು.

ಅಲ್ಲಿ ಉಳಿದಿದ್ದ ಆರನ್ನು ಅವತ್ತೇ ಮತ್ತೆ ಹತ್ತು ಮಾಡಿದ್ದರಿಂದಲೇ ಮುಂದಿನ ವಾರಗಳೆಲ್ಲ ನಡೆದವು ಎಂದು ನಾನು ನಂಬಿದ್ದೇನೆ. ಬೆಳಿಗ್ಗೆ ತಂದರಾಯಿತು ಎಂದು ಬಿಟ್ಟಿದ್ದರೆ, ಮುಂದಿನ ಸಲ ಕೇಳಿದಾಗ ಅವರು "ಖಾಲಿಯಾಗಿದೆ" ಎನ್ನುತ್ತಿದ್ದರು. ಆಮೇಲೆ ಯಾವ ಕಾರ್ಡ್‌ನ ಲೆಕ್ಕವನ್ನೂ ನಂಬುವ ಹಾಗಿರುತ್ತಿರಲಿಲ್ಲ. ಎಲ್ಲರೂ ಒಂದಷ್ಟು ಬಚ್ಚಿಟ್ಟುಕೊಳ್ಳುತ್ತಿದ್ದರು, ಎಲ್ಲರೂ ಬೇಕಾದ್ದಕ್ಕಿಂತ ಜಾಸ್ತಿ ಕೇಳುತ್ತಿದ್ದರು. ಇದನ್ನು ನಾನು ಬೇರೆ ಕಡೆ ಕಣ್ಣಾರೆ ಕಂಡಿದ್ದೇನೆ. ಆ ಶನಿವಾರದ ನಂತರ ಕೇಂದ್ರಗಳು ತಾವೇ ತಾವೇ ಫೋನ್ ಮಾಡಿಕೊಂಡು ಸಾಲ ಕೊಡಲು ಶುರು ಮಾಡಿದವು, ನನಗೆ ಬರೀ ತಿಳಿಸುತ್ತಿದ್ದರು. "ನೋಡೋಣ" ಎಂದಿದ್ದ ಡಾಕ್ಟರು ಕ್ರಿಸ್ಮಸ್ ಹೊತ್ತಿಗೆ ತಮ್ಮ ಹತ್ತರಲ್ಲಿ ಆರನ್ನು ಪಕ್ಕದ ಕೇಂದ್ರಕ್ಕೆ ಕೇಳಿದ ತಕ್ಷಣ ಕಳಿಸಿಕೊಟ್ಟಿದ್ದರು.

ಆರು ವರ್ಷದ ಹುಡುಗ ಗುಣವಾಗಿ ಗುಡಾರಕ್ಕೆ ಮರಳಿದ. ಐದನೇ ದಿನ ಬಂದಿದ್ದ ಹುಡುಗಿ ಆಮೇಲೆ ಹೃದಯ ಸೋತು ತೀರಿಕೊಂಡಳು. ಹತ್ತು ವಯಲ್ ಕೊಟ್ಟೂ. ಅವಳು ಮೂರು ದಿನ ಮೊದಲು ಬಂದಿದ್ದರೆ ಎಂದು ಡಾಕ್ಟರು ನನ್ನ ಮುಂದೆ ಹೇಳಿಕೊಂಡರು. ಅಂಥ ಮಕ್ಕಳನ್ನು ಬೇಗ ಹುಡುಕಲು ಮನೆಮನೆಗೆ ಹೋಗುವವರು ಬೇಕು, ರೋಗಿಯ ಮನೆಯವರಿಗೆಲ್ಲ ಆಂಟಿಬಯೋಟಿಕ್ ಬೇಕು, ಎಲ್ಲಕ್ಕಿಂತ ಮೊದಲು ಲಸಿಕೆ ಬೇಕು. ಲಸಿಕೆ ಅಭಿಯಾನ ಡಿಸೆಂಬರ್ 12ಕ್ಕೆ ಶುರುವಾಗಿತ್ತು. ಚಿಕ್ಕ ಮಕ್ಕಳಿಗೆ ಐದು ಕಾಯಿಲೆ ತಡೆಯುವ ಪೆಂಟಾವೇಲೆಂಟ್, ದೊಡ್ಡ ಮಕ್ಕಳಿಗೆ ಧನುರ್ವಾಯು ಮತ್ತು ಡಿಫ್ತೀರಿಯಾ ತಡೆಯುವ ಟಿಡಿ. ಅದು ಒಂದೇ ಸುತ್ತಿಗೆ ಮುಗಿಯಲಿಲ್ಲ, ಮತ್ತೆ ಮತ್ತೆ ಮಾಡಬೇಕಾಯಿತು. ಹೊಸ ವರ್ಷದಲ್ಲಿ ರೋಗಿಗಳ ಸಂಖ್ಯೆ ಇಳಿಯಿತು. ಒಟ್ಟಾರೆ 8000ಕ್ಕೂ ಹೆಚ್ಚು ಶಂಕಿತರು, 40ಕ್ಕೂ ಹೆಚ್ಚು ಸಾವು. ಈ ಕಾಯಿಲೆ ಎಷ್ಟು ಕೊಲ್ಲಬಲ್ಲದು ಎಂದು ಬಲ್ಲವರಿಗೆ ಆ ಎರಡನೇ ಸಂಖ್ಯೆ ಎಷ್ಟು ಚಿಕ್ಕದು ಅಂತ ಗೊತ್ತು.

ಆದರೆ ನನ್ನ ಸಿಟ್ಟು ಇನ್ನೂ ಹಾಗೇ ಇದೆ. ಆಂಟಿಟಾಕ್ಸಿನ್ ತಯಾರಿಸುವವರಿಗೆ ರೋಗ ಇಲ್ಲದ ವರ್ಷದಲ್ಲೂ ಇಷ್ಟು ವಯಲ್ ಕೊಂಡೇ ಕೊಳ್ಳುತ್ತೇವೆ ಎಂದು ಸರ್ಕಾರಗಳು ಮಾತು ಕೊಡಬೇಕು. ಕುದುರೆಗಳನ್ನು ಸಾಕುವುದು ನಿಂತುಹೋದ ಮೇಲೆ ಹಣ ಸುರಿದರೆ ಪ್ರಯೋಜನ ಇಲ್ಲ. 2022ರ ಕೊನೆಯಿಂದ ನೈಜೀರಿಯಾದಲ್ಲಿ, ಅದರಲ್ಲೂ ಕಾನೊದಲ್ಲಿ, ಡಿಫ್ತೀರಿಯಾ ಕಾಡಿದಾಗ ಮತ್ತದೇ ಕೊರತೆ. ಅಲ್ಲಿಗೆ ಹೋಗಿದ್ದ ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಉಖಿಯಾದ ನಮ್ಮ ಕಾರ್ಡ್‌ನ ನಮೂನೆ ಕೇಳಿ ಬರೆದರು. ಕಳಿಸಿಕೊಟ್ಟೆ. ಎಲ್ಲಿ, ಎಷ್ಟು, ಬ್ಯಾಚ್, ಎಕ್ಸ್‌ಪೈರಿ, ಬೆಳಗಿನ ತಾಪಮಾನ, ಕೀಲಿ ಯಾರ ಹತ್ತಿರ, ಅವರ ಫೋನ್. ಜೊತೆಗೆ ಇನ್ನೊಂದು ಕಾಲಮ್ ಸೇರಿಸಿಕೊಳ್ಳಿ ಎಂದು ಬರೆದೆ: ಸಾಲ ಕೊಟ್ಟದ್ದು ಎಷ್ಟು, ಅದನ್ನು ಅವತ್ತೇ ತುಂಬಿದ್ದು ಎಷ್ಟು ಗಂಟೆಗೆ.