ಎಡಗಾಲಿನ ಓರೆ

ಮೊದಲ ಸಲ ಸೈಕಲ್ ಶೂ ಅಡಿಗೆ ಕ್ಲೀಟ್, ಅಂದರೆ ಪೆಡಲಿಗೆ ಕಚ್ಚಿಕೊಳ್ಳುವ ಬಿಲ್ಲೆ, ಕೂರಿಸಿದಾಗ ಸ್ಕೇಲ್ ಇಟ್ಟು ನೇರ ಮಾಡಿದ್ದೆ. ಎರಡೂ ಶೂ ಅಕ್ಕಪಕ್ಕ ಇಟ್ಟು ನೋಡಿದರೆ ಕೂದಲೆಳೆಯಷ್ಟೂ ವ್ಯತ್ಯಾಸ ಇರಲಿಲ್ಲ. ಮಾರನೇ ದಿನ ಬೆಳಗ್ಗೆ ಮೈಸೂರಿನಿಂದ ನಂಜನಗೂಡಿಗೆ ಹೊರಟೆ. ದೇವಸ್ಥಾನದ ಹತ್ತಿರ ಕಾಫಿ ಕುಡಿದು ವಾಪಸ್ ಬರುವಾಗ ಎಡ ಮಂಡಿಯ ಹೊರಬದಿಯಲ್ಲಿ ಸೂಜಿ ಚುಚ್ಚಿದ ಹಾಗೆ ಶುರುವಾಯಿತು. ಮನೆ ಮುಟ್ಟಿದ ಮೇಲೆ ಮೆಟ್ಟಿಲು ಹತ್ತುವುದೇ ಕಷ್ಟವಾಯಿತು.

ಚಪ್ಪಟೆ ಪೆಡಲಿನಲ್ಲಿ ಇದೇ ದಾರಿಯಲ್ಲಿ ಎಷ್ಟೋ ಸಲ ಹೋಗಿ ಬಂದಿದ್ದೇನೆ. ಒಂದು ದಿನವೂ ಮಂಡಿ ನೋಯಲಿಲ್ಲ. ಚಪ್ಪಟೆ ಪೆಡಲಿನ ಮೇಲೆ ಪಾದ ತನಗೆ ಬೇಕಾದ ಹಾಗೆ ಸರಿದುಕೊಳ್ಳುತ್ತದೆ, ನಮಗೆ ಗೊತ್ತೂ ಆಗುವುದಿಲ್ಲ. ಕ್ಲೀಟ್ ಕಚ್ಚಿಕೊಂಡ ಮೇಲೆ ನಾವು ಕೂರಿಸಿದ ಓರೆಯಲ್ಲೇ ಅದು ಇರಬೇಕು. ನಿಮಿಷಕ್ಕೆ 80 ಸುತ್ತು ತುಳಿದರೆ ಗಂಟೆಗೆ 4,800 ಸುತ್ತು. ಅಷ್ಟೂ ಸಲ ಮಂಡಿ ತನ್ನದಲ್ಲದ ದಾರಿಯಲ್ಲಿ ಮಡಚಿ ಬಿಚ್ಚಿದರೆ ನೋಯದೆ ಇರುತ್ತಾ?

ಶೂ ಪೆಡಲಿಗೆ ಕಚ್ಚಿಕೊಳ್ಳುತ್ತದೆ, ಆದರೂ ಈ ಪೆಡಲಿನ ಹೆಸರು ಮಾತ್ರ ‘ಕ್ಲಿಪ್‌ಲೆಸ್’. ಮೊದಲೆಲ್ಲ ರೇಸಿನವರು ಪೆಡಲಿನ ಮುಂದೆ ಟೋ ಕ್ಲಿಪ್ ಅನ್ನುವ ಲೋಹದ ಪಂಜರ ಹಾಕಿ, ಬೆಲ್ಟಿನಲ್ಲಿ ಪಾದ ಕಟ್ಟಿಕೊಳ್ಳುತ್ತಿದ್ದರು. ಆ ಕ್ಲಿಪ್ ಇಲ್ಲದ ಪೆಡಲ್ ಅಂತ ಈ ಹೆಸರು. ಹಿಮದಲ್ಲಿ ಜಾರುವ ಸ್ಕೀ ಹಲಗೆಗೆ ಬೂಟು ಹಿಡಿಸುವ ಬೈಂಡಿಂಗ್ ಮಾಡುತ್ತಿದ್ದ ಫ್ರಾನ್ಸಿನ ಲುಕ್ ಕಂಪನಿ 1984ರಲ್ಲಿ ಇಂಥ ಪೆಡಲ್ ತಂದಿತು. ಮರುವರ್ಷ ಸೈಕಲ್ ರೇಸಿನ ಬರ್ನಾರ್ಡ್ ಇನೋ ಅದನ್ನೇ ತುಳಿದು ಟೂರ್ ಡಿ ಫ್ರಾನ್ಸ್ ಗೆದ್ದರು. ಹಿಮ್ಮಡಿ ಹೊರಗೆ ತಿರುಚಿದರೆ ಕಾಲು ಬಿಡಿಸಿಕೊಳ್ಳುವ ಉಪಾಯ ಇವತ್ತಿಗೂ ಹಾಗೇ ಉಳಿದಿದೆ.

ಸಂಜೆ ಹಜಾರದಲ್ಲಿ ಪೇಪರ್ ಹಾಸಿ, 4 ಎಂಎಂ ಅಲೆನ್ ಕೀ ಹಿಡಿದು ಕೂತೆ. ಅಮ್ಮ ಬಾಗಿಲ ಹತ್ತಿರ ಇದ್ದ ನನ್ನ ಚಪ್ಪಲಿ ತಂದು ತಿರುಗಿಸಿ ತೋರಿಸಿದಳು. "ನೋಡೇ, ಎಡಗಾಲಿಂದು ಹೊರಗಡೆ ಅಂಚು ಹೇಗೆ ಸವೆದಿದೆ. ನಡೆಯೋಕೆ ಕಲಿತಾಗಿಂದ ನೀನು ಆ ಕಾಲನ್ನ ಹೊರಗೇ ಹಾಕ್ತೀಯ."

ಇಷ್ಟು ವರ್ಷ ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಬಚ್ಚಲಲ್ಲಿ ಕಾಲು ತೊಳೆದು ಒದ್ದೆ ಪಾದದಲ್ಲಿ ಹಜಾರದ ಕೆಂಪು ನೆಲದ ಮೇಲೆ ನಡೆದು ನೋಡಿದೆ. ಬಲಗಾಲಿನ ಗುರುತು ಹೆಚ್ಚುಕಮ್ಮಿ ನೇರ. ಎಡಗಾಲಿಂದು ಹೊರಗೆ ತಿರುಗಿತ್ತು. ಊಟದ ಟೇಬಲ್ ಮೇಲೆ ಕೂತು ಕಾಲು ಇಳಿಬಿಟ್ಟೆ. ಆಗಲೂ ಎಡಪಾದ ತಾನಾಗೇ ಹೊರಗೆ ವಾಲಿತು.

ನನ್ನ ಕ್ಲೀಟ್ ಮೂರು ಬೋಲ್ಟಿನ ಶಿಮಾನೋ ಎಸ್‌ಪಿಡಿ-ಎಸ್‌ಎಲ್, ಹಳದಿ ಬಣ್ಣದ್ದು. ಹಳದಿಯಲ್ಲಿ ಪಾದಕ್ಕೆ ಒಟ್ಟು 6 ಡಿಗ್ರಿ ಆಡಲು ಜಾಗ ಇರುತ್ತದೆ. ನೀಲಿಯಲ್ಲಿ 2, ಕೆಂಪಿನಲ್ಲಿ ಸೊನ್ನೆ. ಇಷ್ಟು ಜಾಗ ಇದ್ದೂ ನೋವು ಬಂದಿದ್ದು ಯಾಕೆ ಅಂತ ಈಗ ಅರ್ಥವಾಯಿತು. ನಾನು ನೇರ ಕೂರಿಸಿದ್ದರಿಂದ ಎಡಪಾದ ಆ ಜಾಗದ ಕೊನೆಗೆ ಹೋಗಿ, ಗೋಡೆಗೆ ಭುಜ ಕೊಟ್ಟು ನೂಕುವ ಹಾಗೆ ದಾರಿಯುದ್ದಕ್ಕೂ ನೂಕುತ್ತಿತ್ತು.

ಮೊದಲು ಹಿಂದುಮುಂದಿನ ಜಾಗ ಸರಿ ಮಾಡಿದೆ. ಹೆಬ್ಬೆರಳಿನ ಬುಡದಲ್ಲೊಂದು ಮೂಳೆ ಉಬ್ಬು, ಕಿರುಬೆರಳಿನ ಬುಡದಲ್ಲೊಂದು. ಪೆಡಲಿನ ಅಚ್ಚು ಇವೆರಡರ ನಡುವೆ ಬರಬೇಕು. ಶೂ ಹಾಕಿದ ಮೇಲೆ ಉಬ್ಬು ಕಾಣುವುದಿಲ್ಲ, ಒತ್ತಿ ಹುಡುಕಬೇಕು. ಸಿಕ್ಕ ಕಡೆ ನನ್ನ ಹಣೆಯ ಸ್ಟಿಕ್ಕರ್ ಬೊಟ್ಟು ಅಂಟಿಸಿದೆ, ಶೂವಿನ ಎರಡು ಬದಿಗೂ ಒಂದೊಂದು. ತಪ್ಪಿದರೆ ಕಿತ್ತು ಪಕ್ಕಕ್ಕೆ ಇಡಬಹುದು, ಕಲೆ ಉಳಿಯುವುದಿಲ್ಲ. ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಈ ಬೊಟ್ಟಿನ ವಿಷಯ. ನನ್ನ ಕ್ಲೀಟ್ ಅರ್ಧ ಸೆಂಟಿಮೀಟರ್ ಮುಂದಿತ್ತು. ಹಿಂದಕ್ಕೆ ಎಳೆದೆ.

ಓರೆ ಸರಿ ಮಾಡುವಾಗ ನಿಧಾನ ಬೇಕು, ಯಾಕೆಂದರೆ ಎಲ್ಲವೂ ಉಲ್ಟಾ. ಪೆಡಲಿಗೆ ಕಚ್ಚಿದ ಕ್ಲೀಟ್ ಮುಂದಕ್ಕೇ ನೋಡುತ್ತದೆ, ತಿರುಗುವುದು ಶೂ. ಹಾಗಾಗಿ ಪಾದದ ತುದಿ ಹೊರಗೆ ಹೋಗಬೇಕಾದರೆ ಕ್ಲೀಟಿನ ಮೂತಿಯನ್ನು ಒಳಗೆ, ಹೆಬ್ಬೆರಳಿನ ಕಡೆ ತಿರುಗಿಸಬೇಕು. ಹಳೇ ಜಾಗದ ಸುತ್ತ ಮಾರ್ಕರಿನಲ್ಲಿ ಗೆರೆ ಎಳೆದುಕೊಂಡೇ ಬೋಲ್ಟ್ ಸಡಿಲಿಸಿದೆ. ಆ ಗೆರೆ ಇಲ್ಲದಿದ್ದರೆ ಎಷ್ಟು ತಿರುಗಿಸಿದೆವು ಅಂತ ತಿಳಿಯುವುದೇ ಇಲ್ಲ. ಹಿಮ್ಮಡಿ ಒಳಗೆ ಬರುವುದರಿಂದ ಕ್ರ್ಯಾಂಕಿಗೆ, ಅಂದರೆ ಪೆಡಲ್ ಕೂತ ತೋಳಿಗೆ, ಉಜ್ಜುತ್ತದಾ ಅಂತಲೂ ನೋಡಿದೆ. ಉಜ್ಜಲಿಲ್ಲ.

ಬೋಲ್ಟಿಗೆ ಚೂರು ಗ್ರೀಸ್ ಹಚ್ಚಿ, ಮೂರನ್ನೂ ಸರದಿಯಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದೆ. 5ರಿಂದ 6 ನ್ಯೂಟನ್ ಮೀಟರಿನಷ್ಟು ಬಿಗಿ ಬೇಕು. ಇದರಲ್ಲಿ ಅಸಡ್ಡೆ ಮಾಡಬೇಡಿ. ಬೋಲ್ಟ್ ಸಡಿಲ ಇದ್ದರೆ ಹಿಮ್ಮಡಿ ತಿರುಚಿದಾಗ ಶೂ ಮಾತ್ರ ತಿರುಗುತ್ತದೆ, ಕ್ಲೀಟ್ ಪೆಡಲಿನಲ್ಲೇ ಕೂತಿರುತ್ತದೆ. ಸಿಗ್ನಲ್ಲಿನಲ್ಲಿ ಕಾಲು ಬಿಡಿಸಿಕೊಳ್ಳಲು ಆಗುವುದಿಲ್ಲ.

ನಾಲ್ಕೈದು ದಿನ ಮಂಡಿಗೆ ಬಿಡುವು ಕೊಟ್ಟೆ. ಅಷ್ಟೂ ದಿನ ಸಂಜೆ ಕಾಂಪೌಂಡ್ ಗೋಡೆ ಹಿಡಿದು ಸೈಕಲ್ ಮೇಲೆ ಕೂತು, ಎಡಗಾಲು ಬಿಡಿಸುವುದು, ಮತ್ತೆ ಸಿಕ್ಕಿಸುವುದು. ಎಡಗಾಲೇ ಯಾಕೆಂದರೆ ನಮ್ಮ ರಸ್ತೆಯಲ್ಲಿ ನಾವು ಎಡಕ್ಕೆ ಹೋಗುವವರು. ನಿಲ್ಲಿಸಿದಾಗ ಮೈ ಎಡಕ್ಕೆ ವಾಲಿದರೆ ಬಲಗಡೆಯ ಬಸ್ಸು ಲಾರಿಗಳಿಂದ ದೂರ ಇರುತ್ತೇವೆ.

ಭಾನುವಾರ ಆರು ಗಂಟೆಗೆ ಚಾಮುಂಡಿ ಬೆಟ್ಟಕ್ಕೆ ಹೊರಟೆ. ಏರು ಶುರುವಾದ ಮೇಲೆ ಕಣ್ಣೆಲ್ಲ ಎಡ ಮಂಡಿಯ ಮೇಲೆ. ಅರ್ಧ ದಾರಿಯಲ್ಲಿ ಸಣ್ಣಗೆ ಎಳೆದ ಹಾಗಾಯಿತು. ರಸ್ತೆ ಪಕ್ಕ ಕಟ್ಟೆ ಮೇಲೆ ಕೂತು ಶೂ ಬಿಚ್ಚಿ, ಕ್ಲೀಟಿನ ಮೂತಿಯನ್ನು ಇನ್ನೊಂದು ಚೂರು, ಒಂದು ಮಿಲಿಮೀಟರ್ ಇರಬಹುದು, ಒಳಗೆ ತಿರುಗಿಸಿದೆ. ಮತ್ತೆ ಹತ್ತಿದೆ. ಹಳದಿ ಕ್ಲೀಟಿನ ಆಟ ಈಗ ಎರಡೂ ಕಡೆ ಸಿಗುತ್ತಿತ್ತು, ಪಾದ ನಡುವೆ ಹಾಯಾಗಿ ಕೂತಿತ್ತು. ಮೇಲೆ ಮುಟ್ಟುವವರೆಗೂ ಉಸಿರು ಕಟ್ಟಿತೇ ಹೊರತು ಮಂಡಿ ಒಂದು ಮಾತೂ ಆಡಲಿಲ್ಲ.

ಮನೆಗೆ ಬಂದು ಶೂ ತಿರುಗಿಸಿ, ಹಳೇ ಗೆರೆಯ ಪಕ್ಕದಲ್ಲೇ ಹೊಸ ಗೆರೆ ಎಳೆದೆ. ಪ್ಲಾಸ್ಟಿಕ್ ಕ್ಲೀಟ್, ನಡೆದಾಡಿದಷ್ಟೂ ಸವೆಯುತ್ತದೆ. ಮುಂದಿನದನ್ನು ಈ ಓರೆ ಗೆರೆ ನೋಡಿಯೇ ಕೂರಿಸಬೇಕು.