ಲಾರಿ ಕಾಯುತ್ತಿದ್ದ ಸಂಜೆ
ವಸಂತನರಸಾಪುರದ ನಮ್ಮ ಸಣ್ಣ ಘಟಕದಲ್ಲಿ ನಿನ್ನೆ ಸಂಜೆ, ಮಾಲು ತುಂಬಿದ ಲಾರಿ ಹೊರಡಲು ನಿಂತಿದ್ದಾಗ, ಅಳತೆ ನೋಡುವ ಗೇಜಿಗೆ ಹೊಂದದ, ಬುಷ್ ಎಂಬ ಯಂತ್ರದ ಬಿಡಿಭಾಗಗಳಿಗೂ 'ಸರಿಯಿದೆ' ಎಂದು ವರದಿ ಬರೆದುಕೊಡುವಂತೆ ಕೇಳಿದ ಮ್ಯಾನೇಜರಿಗೆ, ಮೂರು ತಿಂಗಳ ಹಿಂದಷ್ಟೇ ಸೇರಿದ ಹುಡುಗಿ "ನನ್ನಿಂದಾಗದು ಸಾರ್" ಎಂದಳು. ಪೆನ್ನಿನ ಕ್ಯಾಪನ್ನು ಹಾಕಿ ತೆಗೆದು ಮಾಡುತ್ತಿದ್ದ ಅವಳ ಬೆರಳು ಮಾತ್ರ ನಡುಗುತ್ತಿತ್ತು. ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿಗಳಲ್ಲಿ ಅಕ್ರಮವನ್ನು ತಿಳಿಸಲು ನೌಕರರಿಗೊಂದು ವ್ಯವಸ್ಥೆಯೂ, ತಿಳಿಸಿದವರಿಗೆ ರಕ್ಷಣೆಯೂ ಇರಬೇಕೆಂದು 2013ರ ಕಂಪನಿ ಕಾಯ್ದೆಯ 177ನೇ ಕಲಂ ಹೇಳುತ್ತದೆ. ನಮ್ಮಂಥ ಶೆಡ್ಡುಗಳಲ್ಲಿ ಆ ವ್ಯವಸ್ಥೆಯೆಂದರೆ ಮಾಲೀಕರ ಮುಖಭಾವ, ಅಷ್ಟೆ. ಅವರು ಬಂದು, ಗೇಜನ್ನು ತಾವೇ ಹಾಕಿ ನೋಡಿ, "ಇಳಿಸಿ" ಎಂದರು. ಲಾರಿ ಬಾಡಿಗೆ ದಂಡವಾಯಿತು, ಅದು ಬೇರೆ ಮಾತು. ಅಂಥ ಎಷ್ಟು ವರದಿಗಳಿಗೆ ನಾನು ಸಹಿ ಹಾಕಿರಬಹುದೆಂದು ರಾತ್ರಿ ಲೆಕ್ಕ ಹಾಕತೊಡಗಿ, ಅರ್ಧಕ್ಕೇ ನಿಲ್ಲಿಸಿದೆ.