ಸೋರುವ ಜಾರ್‌ಗಳು: ಮುಚ್ಚಳದ ಗೋಳು ಸದ್ಯಕ್ಕೆ ಮುಗಿಯಿತು

ಪಶ್ಚಿಮದ ಗೋಡೆಯ ಮೇಲಿನ ಸಾಲಿನ, ಮನುಷ್ಯರ ಅಂಗಗಳನ್ನು ದ್ರವದಲ್ಲಿ ಇಟ್ಟ ಗಾಜಿನ ಜಾರ್‌ಗಳು ಈ ಬೇಸಿಗೆಯಲ್ಲಿ ಸೋರಲಿಲ್ಲ. ಮೆಡಿಕಲ್ ಕಾಲೇಜಿನ ಅನಾಟಮಿ ಮ್ಯೂಸಿಯಮ್ಮಿನಲ್ಲಿ ಸ್ವಯಂಸೇವಕರಾಗಿ ಕೈ ಹಾಕಿದವರಿಗೆ ಈ ಮಾತಿನ ಬೆಲೆ ಗೊತ್ತು. ಡಿಸೆಕ್ಷನ್ (ಅಂಗವನ್ನು ಕೊಯ್ದು ಬಿಡಿಸುವುದು), ಫಿಕ್ಸೇಶನ್ (ಕೊಳೆಯದಂತೆ ಫಾರ್ಮಲಿನ್‌ನಲ್ಲಿ ಇಟ್ಟು ಗಟ್ಟಿಮಾಡುವುದು), ಸ್ಪೆಸಿಮನ್ನನ್ನು (ಪ್ರದರ್ಶನಕ್ಕಿಡುವ ಅಂಗವನ್ನು) ನೈಲಾನ್ ದಾರದಲ್ಲಿ ಹಿಂಬದಿಯ ಅಕ್ರಿಲಿಕ್ ಹಲಗೆಗೆ ಕಟ್ಟುವುದು, ಲೇಬಲ್ ಅಂಟಿಸುವುದು, ಇದನ್ನೆಲ್ಲ ಮತ್ತೆ ಹೇಳಬೇಕಾಗಿಲ್ಲ. ಈ ಸಲ ಪೂರ್ತಿ ಮುಚ್ಚಳದ ಪುರಾಣ.

ಜಾರ್ ಆಯತಾಕಾರದ್ದು, 4 ಲೀಟರಿನದು, ಬಾಯಿ ಸುಮಾರು 15 × 10 ಸೆಂ.ಮೀ. ಮೇಲೆ 5 ಮಿ.ಮೀ. ದಪ್ಪದ ಗಾಜಿನ ಚಪ್ಪಟೆ ಮುಚ್ಚಳ, ಸುತ್ತ ಸಿಲಿಕೋನ್ ಸೀಲಂಟ್ (ರಬ್ಬರಿನಂತೆ ಗಟ್ಟಿಯಾಗುವ ಅಂಟು). ಒಳಗಿರುವುದು ಪಲ್ವರ್ಟಾಫ್ಟ್ ಮಾರ್ಪಾಡಿನ ಕೈಸರ್ಲಿಂಗ್ ದ್ರವ, ಅಂದರೆ ಅಂಗದ ಸಹಜ ಬಣ್ಣ ಉಳಿಸುವ ದ್ರವ: ಗ್ಲಿಸರಿನ್ 300 ಮಿ.ಲೀ., ಸೋಡಿಯಂ ಅಸಿಟೇಟ್ 100 ಗ್ರಾಂ, 10% ಫಾರ್ಮಲಿನ್ 5 ಮಿ.ಲೀ., ಉಳಿದದ್ದು ನೀರು, ಒಟ್ಟು 1000 ಮಿ.ಲೀ. ಮುಚ್ಚುವ ಮುಂಚೆ ಲೀಟರಿಗೆ 4 ಗ್ರಾಂ ಸೋಡಿಯಂ ಹೈಡ್ರೋಸಲ್ಫೈಟ್. ಬಣ್ಣ ಚೆನ್ನಾಗಿ ಬರುತ್ತದೆ, ಮೂತ್ರಪಿಂಡ ಮೂತ್ರಪಿಂಡದ ಹಾಗೇ ಕಾಣುತ್ತದೆ. ಚಳಿಗಾಲ ಕಳೆಯುವವರೆಗೆ ಎಲ್ಲವೂ ಚೆಂದ. ಮಾರ್ಚ್ ಬಂತು ಅಂದರೆ ಮುಚ್ಚಳದ ಒಂದು ಮೂಲೆಯಿಂದ ಸಣ್ಣ ಗೆರೆ ಇಳಿಯುತ್ತದೆ, ಜಾರ್‌ನ ಬುಡದಲ್ಲಿ ಕಂದು ಬಣ್ಣದ ಅಂಟು ಉಂಗುರ ಕೂರುತ್ತದೆ, ಅದರ ಮೇಲೆ ಮ್ಯೂಸಿಯಮ್ಮಿನ ಧೂಳೆಲ್ಲ ಬಂದು ಸೇರುತ್ತದೆ.

ಸೋರುವ ಜಾಗ ಹುಡುಕಲು ದೊಡ್ಡ ವಿದ್ಯೆ ಬೇಕಿಲ್ಲ. ಟಾರ್ಚನ್ನು ಮುಚ್ಚಳದ ಅಂಚಿಗೆ ಓರೆಯಾಗಿ ಹಿಡಿದರೆ ಸೋರುವ ಕಡೆ ಉಪ್ಪಿನಂಥ ಬಿಳಿ ಪುಡಿ ಕಾಣುತ್ತದೆ. ಅದು ಸೋಡಿಯಂ ಅಸಿಟೇಟ್. ನೀರು ಆರಿ ಉಪ್ಪು ಹರಳುಗಟ್ಟಿದ ಕಡೆಯೇ ದಾರಿ. ಗ್ಲಿಸರಿನ್ ಆರುವುದಿಲ್ಲ, ಜಿಗುಟಾಗಿ ಕೆಳಗೆ ಇಳಿಯುತ್ತದೆ. ಹಾಗಾಗಿ ಬುಡದ ಉಂಗುರವನ್ನು ನೋಡಿ ಸೋರುವ ಮೂಲೆಯನ್ನು ಊಹಿಸಿದರೆ ಕೆಟ್ಟಿರಿ. ಜಾರ್ ಇಟ್ಟ ಹಲಗೆ ಸ್ವಲ್ಪ ವಾಲಿದ್ದರೂ ಉಂಗುರ ಬೇರೆ ಕಡೆ, ತೂತು ಬೇರೆ ಕಡೆ.

ಎಲ್ಲರ ಮೊದಲ ಅನುಮಾನ ಸಿಲಿಕೋನ್ ಮೇಲೆ. ಅದಕ್ಕೆ ಕಾರಣವೂ ಇದೆ. ಅವಧಿ ಮುಗಿದ ಟ್ಯೂಬನ್ನು ಹೊಸ ಸ್ಟಿಕ್ಕರ್ ಹಚ್ಚಿ ಕೊಡುವ ಅಂಗಡಿಗಳಿವೆ. ಬಿಲ್ ಕೇಳಿದರೆ ಮುಖ ಸಣ್ಣ ಮಾಡುತ್ತಾರೆ. ಆ ಟ್ಯೂಬ್ ಗಟ್ಟಿಯಾಗುವುದೇ ಇಲ್ಲ, ವಾರ ಕಳೆದರೂ ಚೂಯಿಂಗ್ ಗಮ್. ಪ್ರತಿ ಟ್ಯೂಬಿನಿಂದ ಬಟಾಣಿ ಗಾತ್ರದಷ್ಟು ಕಾಗದದ ಮೇಲೆ ಹಿಂಡಿ ಇಡಿ. ಅರ್ಧ ಗಂಟೆಯಲ್ಲಿ ಮೇಲೆ ಪೊರೆ ಕಟ್ಟದಿದ್ದರೆ ವಾಪಸ್ ಕೊಡಿ, ಜಗಳವಾಡಿಯಾದರೂ ಕೊಡಿ. ಗಾಜಿಗೆ ವಿನೆಗರ್ ವಾಸನೆಯ ಅಸಿಟಿಕ್ ಜಾತಿಯದು ಸಾಕು. ಅಕ್ರಿಲಿಕ್ ಪೆಟ್ಟಿಗೆಗಾದರೆ ಸಿಲಿಕೋನ್ ಬೇಡವೇ ಬೇಡ. ಅಕ್ರಿಲಿಕ್ ಚೂರುಗಳನ್ನು ಕ್ಲೋರೋಫಾರ್ಮ್‌ನಲ್ಲಿ ಕರಗಿಸಿದ ಅಂಟೇ ಸರಿ, ಅದನ್ನು ಹಚ್ಚುವುದು ಫ್ಯೂಮ್ ಹುಡ್ (ಆವಿಯನ್ನು ಹೊರಗೆಳೆಯುವ ಲ್ಯಾಬಿನ ಗೂಡು) ಒಳಗೆ ಮಾತ್ರ.

ಆದರೆ ತಾಜಾ ಸಿಲಿಕೋನ್ ಹಾಕಿದ ಜಾರೂ ಸೋರಿತು. ಅದೇ ಟ್ಯೂಬಿನಿಂದ ಮುಚ್ಚಿದ, ಬರೀ ನೀರು ತುಂಬಿದ ಹೊಸ ಜಾರನ್ನು ಹಳೇ ಪೇಪರಿನ ಮೇಲೆ ಬೋರಲು ಹಾಕಿಟ್ಟರೆ ಪೇಪರ್ ಒಣಗಿಯೇ ಇತ್ತು. ಅಂದಮೇಲೆ ಟ್ಯೂಬಿನ ತಪ್ಪಲ್ಲ. ಹೊಸ ಜಾರಿಗೂ ಹಳೇ ಜಾರಿಗೂ ಇದ್ದ ವ್ಯತ್ಯಾಸ ಒಂದೇ: ಹಳೆಯದರ ಬಾಯಿಗೆ ಮೊದಲೇ ಗ್ಲಿಸರಿನ್ ತಾಗಿತ್ತು.

ತಾಗಿದ್ದನ್ನು ಒರೆಸಿರಲಿಲ್ಲವೇ? ಒರೆಸಿತ್ತು, ಅದೂ ಅಸಿಟೋನ್ ಹಾಕಿ ಗಾಜು ಕಿರುಗುಟ್ಟುವವರೆಗೆ. ಎಡವಟ್ಟು ಇರುವುದೇ ಅಲ್ಲಿ. ಅಸಿಟೋನ್ ಎಲ್ಲ ಜಿಡ್ಡನ್ನೂ ತೆಗೆಯುತ್ತದೆ ಅನ್ನುವ ನಂಬಿಕೆ ಲ್ಯಾಬುಗಳಲ್ಲಿ ಬೇರೂರಿಬಿಟ್ಟಿದೆ. ಗ್ಲಿಸರಿನ್ ಜಿಡ್ಡಲ್ಲ. ನೀರಿನಲ್ಲಿ ಎಷ್ಟು ಬೇಕಾದರೂ ಕರಗುತ್ತದೆ, ಅಸಿಟೋನ್‌ನಲ್ಲಿ ಸರಿಯಾಗಿ ಕರಗುವುದಿಲ್ಲ. ಅಸಿಟೋನ್ ಬಟ್ಟೆ ಅದನ್ನು ಬಾಯಿಯ ಉದ್ದಕ್ಕೂ ತೆಳ್ಳಗೆ ಸವರುತ್ತದೆ, ಅಷ್ಟೇ. ಅಸಿಟೋನ್ ಆರಿದ ಮೇಲೆ ಗಾಜು ಫಳಫಳ ಹೊಳೆಯುತ್ತದೆ, ಮೇಲೆ ಕಣ್ಣಿಗೆ ಕಾಣದ ಗ್ಲಿಸರಿನ್ ಪೊರೆ ಹಾಗೇ ಇರುತ್ತದೆ. ಸಿಲಿಕೋನ್ ಆ ಪೊರೆಯ ಮೇಲೆ ಗಟ್ಟಿಯಾಗುತ್ತದೆ, ಗಾಜನ್ನು ಹಿಡಿಯುವುದೇ ಇಲ್ಲ. ಸೋರುವ ಜಾರ್‌ನ ಮುಚ್ಚಳ ಎತ್ತಿ ಸಿಲಿಕೋನ್ ಪಟ್ಟಿಯ ತುದಿಯನ್ನು ಉಗುರಿನಿಂದ ಎಬ್ಬಿಸಿದರೆ ಇಡೀ ಪಟ್ಟಿ ತುಂಡಾಗದೆ ಎದ್ದು ಬರುತ್ತದೆ. ಅದರ ಅಡಿಭಾಗ ಕನ್ನಡಿಯಂತೆ ನುಣುಪು. ಚೆನ್ನಾಗಿ ಹಿಡಿದ ಸಿಲಿಕೋನ್ ಹಾಗೆ ಬರುವುದಿಲ್ಲ. ಬ್ಲೇಡಿನಲ್ಲಿ ಹೆರೆದರೂ ಗಾಜಿನ ಮೇಲೆ ಚೂರುಚೂರು ಉಳಿದು ಪ್ರಾಣ ತಿನ್ನುತ್ತದೆ.

ಆದ್ದರಿಂದ ಕ್ರಮ ಹೀಗೆ. ದ್ರವದ ಮಟ್ಟವನ್ನು ಬಾಯಿಯಿಂದ ನಾಲ್ಕು ಬೆರಳು ಕೆಳಗೆ ಇಳಿಸಿ. ಹಳೇ ಸಿಲಿಕೋನ್ ಹೆರೆಯಿರಿ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಬಾಯಿ, ಒಳಅಂಚು, ಹೊರಅಂಚು ಮೂರನ್ನೂ ಒರೆಸಿ. ಬಟ್ಟೆ ಬದಲಿಸಿ ಮತ್ತೆ ಒರೆಸಿ, ಇನ್ನೊಮ್ಮೆ ಒರೆಸಿ. ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್, ಅದು ನೀರನ್ನೂ ಎಳೆದುಕೊಂಡು ಹೋಗುತ್ತದೆ. ಆರಿದ ಗಾಜಿನ ಮೇಲೆ ಉಸಿರು ಬಿಟ್ಟು ನೋಡಿ: ಮಂಜು ಒಂದೇ ಸಮನೆ ಕೂತು ಒಂದೇ ಸಮನೆ ಹೋದರೆ ಶುದ್ಧ, ಗೆರೆಗೆರೆಯಾಗಿ ಕೂತರೆ ಮತ್ತೆ ಬಿಸಿನೀರು. ಉಸಿರು ಬಿಡುವಾಗ ಮುಖವನ್ನು ಜಾರ್‌ನ ಬಾಯಿಯ ಮೇಲೆ ತರಬೇಡಿ, ಪಕ್ಕದಿಂದ ಬಿಡಿ. ಮುಚ್ಚಳಕ್ಕೂ ಇದೇ ಸೇವೆ.

ಇನ್ನು ಸಿಲಿಕೋನ್ ದಪ್ಪ. ಮುಚ್ಚಳದ ಮೇಲೆ ದಪ್ಪ ಪುಸ್ತಕ ಹೇರಿ ಒತ್ತುವವರು ಬಹಳ ಜನ. ಹೇರಿದರೆ ಸಿಲಿಕೋನ್ ಎಲ್ಲ ಹೊರಗೆ ಉಕ್ಕಿ, ನಡುವೆ ಕೂದಲೆಳೆಯಷ್ಟು ಉಳಿಯುತ್ತದೆ. ಅಷ್ಟು ತೆಳ್ಳಗಿನ ಪಟ್ಟಿಗೆ ಹಿಗ್ಗಿ ಕುಗ್ಗುವ ಶಕ್ತಿ ಇರುವುದಿಲ್ಲ. ನಾಲ್ಕು ಮೂಲೆಗಳಲ್ಲಿ 1 ಮಿ.ಮೀ. ದಪ್ಪದ ಮೀನು ಹಿಡಿಯುವ ನೈಲಾನ್ ದಾರದ ಚಿಕ್ಕ ತುಂಡುಗಳನ್ನು ಇಟ್ಟು ಅದರ ಮೇಲೆ ಮುಚ್ಚಳ ಕೂರಿಸಿ. ಪಟ್ಟಿ ಎಲ್ಲ ಕಡೆ 1 ಮಿ.ಮೀ. ಇರುತ್ತದೆ. ಮುಚ್ಚಳ ಕೂರಿಸಿದ ಮೇಲೆ ಎರಡು ದಿನ ಜಾರನ್ನು ಅಲುಗಾಡಿಸಬಾರದು; ದ್ರವ ಕುಲುಕಿ ಹಸಿ ಸಿಲಿಕೋನಿಗೆ ತಾಗಿದರೆ ಅಷ್ಟೂ ಕೆಲಸ ನೀರಲ್ಲಿ ಹೋಮ.

ಇಷ್ಟು ಮಾಡಿದರೂ ಒಂದೆರಡು ಜಾರ್‌ಗಳು ಏಪ್ರಿಲ್‌ನಲ್ಲಿ ಕೈ ಕೊಡುತ್ತವೆ. ಅದು ಬಿಸಿಲಿನ ಕೆಲಸ. ಲೆಕ್ಕ ಸ್ಥೂಲವಾಗಿ ಹೀಗಿದೆ: 30% ಗ್ಲಿಸರಿನ್ ಇರುವ ಈ ದ್ರವ ಪ್ರತಿ ಡಿಗ್ರಿಗೆ ಸುಮಾರು 0.0003 ಪಾಲು ಹಿಗ್ಗುತ್ತದೆ, ಗಾಜು ಅದರ ಹತ್ತನೇ ಒಂದು ಭಾಗಕ್ಕೂ ಕಡಿಮೆ. ಜನವರಿಯ ಬೆಳಗ್ಗೆ 22 ಡಿಗ್ರಿಯಲ್ಲಿ ಮುಚ್ಚಿದ 4 ಲೀಟರಿನ ಜಾರ್ ಏಪ್ರಿಲ್ ಮಧ್ಯಾಹ್ನ 36 ಡಿಗ್ರಿ ಮುಟ್ಟಿದರೆ ಒಳಗೆ ಸುಮಾರು 15 ಮಿ.ಲೀ. ದ್ರವಕ್ಕೆ ಜಾಗವಿಲ್ಲ. ಬಾಯಿವರೆಗೆ ತುಂಬಿದ್ದರೆ ಆ 15 ಮಿ.ಲೀ. ಹೊರಗೆ ಬಂದೇ ಬರುತ್ತದೆ, ದೇವರೇ ಬಂದು ಸಿಲಿಕೋನ್ ಹಚ್ಚಿದರೂ ಸರಿ. 120 ಮಿ.ಲೀ. ಗಾಳಿ ಬಿಟ್ಟಿದ್ದರೂ ಆ ಗಾಳಿ ಒತ್ತಿ, ಬಿಸಿಯಾಗಿ, ಮುಚ್ಚಳವನ್ನು ಸುಮಾರು 30 ಕೆ.ಜಿ. ಬಲದಿಂದ ಮೇಲಕ್ಕೆ ದೂಡುತ್ತದೆ. ದಿನವೂ ಮಧ್ಯಾಹ್ನ ದೂಡಿ ರಾತ್ರಿ ಬಿಟ್ಟರೆ ಯಾವ ಪಟ್ಟಿ ತಡೆದೀತು?

ಪರಿಹಾರ ಇದನ್ನು ತಿರುವುಮುರುವು ಮಾಡುವುದು. ಕೊನೆಯ ಬಾಗಿಲನ್ನು ಚಳಿಯಲ್ಲಿ ಮುಚ್ಚಬೇಡಿ, ಸೆಖೆಯಲ್ಲಿ ಮುಚ್ಚಿ. ಮುಚ್ಚಳದಲ್ಲಿ 4 ಮಿ.ಮೀ.ನ ಎರಡು ತೂತು ಬೇಕು, ಒಂದು ದ್ರವಕ್ಕೆ, ಇನ್ನೊಂದು ಗಾಳಿಗೆ. ವಜ್ರದ ಪುಡಿ ಕೂರಿಸಿದ ಬಿಟ್, ಗಾಜು ನೀರಿನಲ್ಲಿ ಮುಳುಗಿರಬೇಕು, ಒತ್ತಡ ಹಾಕಲೇಬಾರದು. ತೂತು ಆಚೆ ಬದಿ ಮುಟ್ಟುವ ಹೊತ್ತಿಗೆ ಅವಸರ ಮಾಡಿದರೆ ಅಂಚು ಚಿಪ್ಪೆದ್ದು ಹೋಗುತ್ತದೆ. ಮುಚ್ಚಳವನ್ನು ಮೊದಲೇ ಕೂರಿಸಿ ಸಿಲಿಕೋನ್ ಪೂರ್ತಿ ಗಟ್ಟಿಯಾದ ಮೇಲೆ, ಸೆಖೆಯ ಮಧ್ಯಾಹ್ನ ಜಾರನ್ನು 38 ಡಿಗ್ರಿಯ ನೀರಿನ ಟಬ್ಬಿನಲ್ಲಿ ಒಂದೆರಡು ಗಂಟೆ ಇಟ್ಟು, ಉಳಿದ ದ್ರವವನ್ನು ಡ್ರಿಪ್ ಸೆಟ್ಟಿನ ನಳಿಕೆಯಲ್ಲಿ ತಳದವರೆಗೆ ಇಳಿಸಿ ತುಂಬಿ. ಇಡೀ ಜಾರಿಗೆ ಬೇಕಾದ ಹೈಡ್ರೋಸಲ್ಫೈಟ್ ಈ ಕೊನೆಯ ಪಾಲಿನಲ್ಲೇ ಹೋಗಲಿ. ಮೇಲೆ 120 ಮಿ.ಲೀ.ಯಷ್ಟು ಗಾಳಿ ಇರಲಿ. ಜಾರ್‌ನ ಮೇಲಂಚಿಗೆ ಎರಡು ಬೆರಳಗಲ ಕಪ್ಪು ಬಣ್ಣ ಬಳಿದರೆ ನೋಡುವವರಿಗೆ ಗಾಳಿ ಕಾಣುವುದಿಲ್ಲ. ತೂತಿನ ಸುತ್ತ ಮತ್ತೆ ಬಿಸಿನೀರು, ಆಲ್ಕೋಹಾಲ್, ಆಮೇಲೆ ಸಿಲಿಕೋನ್ ಬೊಟ್ಟು, ಅದರ ಮೇಲೆ ಮೈಕ್ರೋಸ್ಕೋಪ್ ಸ್ಲೈಡಿನ ಚೌಕ ತುಂಡು. ತಣ್ಣಗಾದಂತೆ ದ್ರವ ಕುಗ್ಗುತ್ತದೆ, ಒಳಗೆ ಒತ್ತಡ ಇಳಿಯುತ್ತದೆ, ಹೊರಗಿನ ಗಾಳಿಯೇ ಮುಚ್ಚಳವನ್ನು 25 ಕೆ.ಜಿ.ಯಷ್ಟು ಬಲದಿಂದ ಕೆಳಕ್ಕೆ ಒತ್ತಿ ಹಿಡಿಯುತ್ತದೆ. ವರ್ಷದ ಬಹುಪಾಲು ದಿನ ಪಟ್ಟಿಯ ಮೇಲೆ ಎಳೆತವಿಲ್ಲ, ಒತ್ತು ಮಾತ್ರ.

ಹೈಡ್ರೋಸಲ್ಫೈಟ್ ಬಗ್ಗೆ ಒಂದು ಬೈಗುಳ ಬಾಕಿ ಇದೆ. ಬಟ್ಟೆಗೆ ಬಣ್ಣ ಹಾಕುವವರ ಅಂಗಡಿಯಲ್ಲಿ ಇದು ಹೈಡ್ರೋಸ್ ಅನ್ನುವ ಹೆಸರಿನಲ್ಲಿ ಸಿಗುತ್ತದೆ. ತೆರೆದ ಡಬ್ಬಿಯಿಂದ ಚಮಚದಲ್ಲಿ ತೋಡಿ ಪ್ಲಾಸ್ಟಿಕ್ ಕವರಿಗೆ ಹಾಕಿ ಕೊಡುವವರಿಂದ ಮಾತ್ರ ಕೊಳ್ಳಬೇಡಿ. ತೇವ ತಾಗಿದ ಪುಡಿ ಗಂಟುಕಟ್ಟಿ ಸತ್ತಿರುತ್ತದೆ, ಸ್ಪೆಸಿಮನ್ ಬೂದು ಬಣ್ಣದಲ್ಲೇ ಉಳಿಯುತ್ತದೆ. ಅದಕ್ಕಿಂತ ಕೆಟ್ಟದ್ದು, ತೇವಗೊಂಡ ಹೈಡ್ರೋಸ್ ತಾನಾಗೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ಸೀಲ್ ಮಾಡಿದ ಚಿಕ್ಕ ಡಬ್ಬಿ ತನ್ನಿ, ಸಿಂಕಿನ ಹತ್ತಿರ ಇಡಬೇಡಿ.

ದೀಪದ ವಿಚಾರವೂ ಇದಕ್ಕೇ ಸೇರಿದ್ದು. ಹ್ಯಾಲೋಜನ್ ಸ್ಪಾಟ್‌ಲೈಟ್ ಬಿದ್ದ ಜಾರಿಗೆ ವರ್ಷವಿಡೀ ಏಪ್ರಿಲ್ಲೇ. ಹಿಂದುಗಡೆ ಹಾಲುಬಿಳಿ ಅಕ್ರಿಲಿಕ್ ಹಲಗೆ, ಅದರ ಹಿಂದೆ ಎಲ್‌ಇಡಿ ಪಟ್ಟಿ ಹಾಕಿದರೆ ಬಿಸಿಯೂ ಇಲ್ಲ, ರಕ್ತನಾಳಗಳೂ ಸ್ಪಷ್ಟ. ಪಶ್ಚಿಮದ ಕಿಟಕಿಗೆ ಪರದೆ ಕೇಳಿ ಅರ್ಜಿ ಹೋಗಿದೆ. ಅರ್ಜಿಗಳು ಎಲ್ಲಿಗೆ ಹೋಗುತ್ತವೆ ಅನ್ನುವುದು ಅನಾಟಮಿಯವರಿಗೂ ತಿಳಿಯದ ನಾಳ.

ಸಾರ್ವಜನಿಕರಿಗೆ ತೆರೆದ ದಿನ ಜಾರ್‌ಗಳ ಪಕ್ಕ ನಿಲ್ಲುವವರಿಗೆ ಎರಡು ಮಾತು. ಕೆಳಗಿನ ಸಾಲಿನಲ್ಲಿರುವ ಹಳೇ ಜಾರ್‌ಗಳಲ್ಲಿ ಬರೀ 10% ಫಾರ್ಮಲಿನ್ ಇದೆ, ಕಣ್ಣು ಮೂಗು ಉರಿಸುವ ಅದು ಸೋರಿದರೆ ಮೊದಲು ಗೊತ್ತಾಗುವುದು ಮಕ್ಕಳಿಗೆ, ಅವರ ಮೂಗು ಆ ಎತ್ತರದಲ್ಲೇ ಇರುತ್ತದೆ. ಮಗು ಕಣ್ಣುಜ್ಜಿಕೊಂಡರೆ ಹೆದರಿತು ಅಂದುಕೊಳ್ಳದೆ ಆ ಜಾರ್‌ನ ಮುಚ್ಚಳ ನೋಡಿ, ಜನರನ್ನು ಆ ಕಡೆಯಿಂದ ಸರಿಸಿ. ಬೆಂಗಳೂರಿನ ನಿಮ್ಹಾನ್ಸ್ ಮೆದುಳು ಸಂಗ್ರಹಾಲಯ ನೋಡಿ ಬಂದವರು "ಅಲ್ಲಿ ಮೆದುಳನ್ನು ಕೈಯಲ್ಲಿ ಕೊಟ್ಟರು, ಇಲ್ಲಿ ಯಾಕಿಲ್ಲ?" ಎಂದು ಕೇಳಿಯೇ ಕೇಳುತ್ತಾರೆ. ಮುಟ್ಟಿಸಲು ಬೇರೆಯೇ ಸ್ಪೆಸಿಮನ್ ಬೇಕು: ಫಾರ್ಮಲಿನ್ ಹೋಗುವವರೆಗೆ ನೀರಿನಲ್ಲಿ ತೊಳೆದದ್ದು, ಜೊತೆಗೆ ಕೈಗವಸು, ಪಕ್ಕದಲ್ಲಿ ಒಬ್ಬರು. "ಇದು ನಿಜವಾದ ಮನುಷ್ಯರದ್ದಾ?" ಅನ್ನುವ ಪ್ರಶ್ನೆಗೆ ಹೌದು ಅಂತಲೇ ಹೇಳಿ. ದೇಹದಾನ ಮಾಡಿದವರದ್ದು, ಇಲ್ಲವೇ 1957ರ ಅನಾಟಮಿ ಕಾಯಿದೆಯ ಪ್ರಕಾರ ಕಾಲೇಜಿಗೆ ಬಂದ, ವಾರಸುದಾರರಿಲ್ಲದ ದೇಹಗಳದ್ದು. ಅದನ್ನು ಕೇಳಿದ ಮೇಲೆ ಸೆಲ್ಫಿಗೆ ಎತ್ತಿದ ಫೋನು ಸಾಮಾನ್ಯವಾಗಿ ತಾನೇ ಕೆಳಗಿಳಿಯುತ್ತದೆ.

ಸಿಲಿಕೋನ್ ಟ್ಯೂಬುಗಳು ಉಳಿದಿವೆ, ಅದಕ್ಕೇ ಮುಂದಿನ ಆಸೆ ಹುಟ್ಟಿರುವುದು: ಶ್ವಾಸನಾಳದ ಕಾಸ್ಟ್, ಅಂದರೆ ಅದರ ಒಳಗಿನ ಟೊಳ್ಳಿನ ಅಚ್ಚು. ಪ್ಲಾಸ್ಟಿನೇಶನ್ (ಅಂಗದೊಳಗಿನ ನೀರು, ಕೊಬ್ಬಿನ ಜಾಗಕ್ಕೆ ಪ್ಲಾಸ್ಟಿಕ್ ತುಂಬಿಸುವುದು) ಮಾಡೋಣ ಅನ್ನುವವರಿದ್ದಾರೆ. ಗುಂಥರ್ ಫಾನ್ ಹಾಗೆನ್ಸ್ 1977ರಲ್ಲಿ ಹೈಡೆಲ್‌ಬರ್ಗಿನಲ್ಲಿ ಕಂಡುಹಿಡಿದ ವಿಧಾನ ಅದು, ಸೋರುವ ಮಾತೇ ಇಲ್ಲ, ನಿಜ. ಆದರೆ ಮೈನಸ್ 25 ಡಿಗ್ರಿಯ ಅಸಿಟೋನ್, ಸ್ಪೆಸಿಮನ್‌ನ ಹತ್ತು ಪಟ್ಟು ಪ್ರಮಾಣದಲ್ಲಿ, ಮತ್ತೆ ಮತ್ತೆ ಬದಲಿಸುತ್ತ! ಮನೆಯ ಡೀಪ್ ಫ್ರೀಜರಿನ ಥರ್ಮೋಸ್ಟಾಟ್ ಒಂದು ಕಿಡಿ ಹಾರಿಸಿದರೆ ಮ್ಯೂಸಿಯಮ್ಮಿಗೆ ನಾವೇ ಸ್ಪೆಸಿಮನ್. ಕಾಸ್ಟ್‌ಗೆ ಅಷ್ಟೆಲ್ಲ ಬೇಡ. ಮಾಂಸದಂಗಡಿಯಿಂದ ಶ್ವಾಸನಾಳ ಸಮೇತ ಬಿಡಿಸಿದ, ಎಲ್ಲೂ ಚಾಕು ತಾಗದ ಕುರಿಯ ಶ್ವಾಸಕೋಶ ಬೇಕು. ಮೊದಲೇ ಹೇಳಿಡದಿದ್ದರೆ ಅಂಗಡಿಯವರು ಅದನ್ನು ಖಂಡಿತ ನಾಲ್ಕು ತುಂಡು ಮಾಡಿರುತ್ತಾರೆ. ಒಳಗೆ ನೀರು ಹಾಯಿಸಿ ಲೋಳೆ ತೊಳೆದು, ಬಸಿದು, ಶ್ವಾಸನಾಳಕ್ಕೆ ಸಿಲಿಕೋನ್ ಹಿಂಡುವ ಗನ್ನಿನ ಮೂತಿ ಬಿಗಿಯಾಗಿ ಕಟ್ಟಿ ಸಿಲಿಕೋನನ್ನು ನಿಧಾನವಾಗಿ ತುಂಬುವುದು, ನೀರಿನಲ್ಲಿ ಮುಳುಗಿಸಿ ಒಂದೆರಡು ದಿನ ಗಟ್ಟಿಯಾಗಲು ಬಿಡುವುದು, ಆಮೇಲೆ ಗಾಢ ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಮಾಂಸ ಕರಗಿಸಿ ನಲ್ಲಿಯ ಕೆಳಗೆ ತೊಳೆಯುವುದು. ಎಡಕ್ಕೆ ನೀಲಿ, ಬಲಕ್ಕೆ ಕೆಂಪು ಹಾಕುವ ಯೋಚನೆ ಇದೆ. ಸಿಲಿಕೋನಿನಲ್ಲಿ ಎಣ್ಣೆ ಬಣ್ಣ ಬೆರೆಸಿದರೆ ಅದು ಗಟ್ಟಿಯಾಗುತ್ತದೋ ಇಲ್ಲವೋ ಎಂದು ಬಟಾಣಿ ಪರೀಕ್ಷೆ ಮೊದಲು ನಡೆಯಬೇಕು. ಮುಚ್ಚಳವಿರುವ ಆಸಿಡ್ ಬಕೆಟ್ ಮತ್ತು ಹೊರಗಿನ ಶೆಡ್ಡಿನ ಬೀಗದ ಕೈ ಸಿಕ್ಕಿದರೆ ಕೆಲಸ ಶುರು.